ಜೋಸೆಫರು ಆಡದ ಮಾತು

(ಬಜಪೆಯಲ್ಲಿ ಕನ್ಯಾಮರಿಯಮ್ಮನವರ ಜನನೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಮತ್ತಾಯ 1: 1-16, 18-23)



ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನ ಪಾದಕ್ಕೆ ಸುರಿದಿದ್ದಾರೆ. ಬೇಲಿಯ ಹೂ, ಗದ್ದೆ ಬದಿಯ ಹೂ, ನೆರೆಮನೆಯ ಅಂಗಳದಿಂದ ಕೇಳಿ ತಂದ ಹೂ. ಕೇಳದೆ ತಂದ ಹೂವೂ ಇರಬಹುದು! ಇಂದು ತೆನೆಯ ಆಶೀರ್ವಾದವಾಗಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಮನೆಗೆ ಹೋಗಿ ಹೊಸ ಭತ್ತದ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಪರದೇಶದಲ್ಲಿರುವ ಮಗನಿಗೆ, ಮಗಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುತ್ತೇವೆ. ಮನೆಯವರಲ್ಲಿ ಒಬ್ಬರೂ ಲೆಕ್ಕದಿಂದ ತಪ್ಪಿಹೋಗಬಾರದು ಎಂಬುದು ಈ ಹಬ್ಬದ ಅರ್ಥ.

ಇಂದು ಹುಟ್ಟಿದ್ದು ಒಂದು ಹೆಣ್ಣು ಮಗು. ಆದುದರಿಂದ ಭಾರತದ ಧರ್ಮಸಭೆ ಇದೇ ದಿನವನ್ನು ಹೆಣ್ಣು ಮಗುವಿನ ದಿನವಾಗಿಯೂ ಆಚರಿಸುತ್ತದೆ. ಈ ದಿನ, ಲೆಕ್ಕದಿಂದ ತಪ್ಪಿಹೋದ ಕೆಲವು ಹೆಣ್ಣುಮಕ್ಕಳ ವಿಷಯ ಮಾತಾಡಬೇಕೆಂದಿದ್ದೇನೆ. ಹಬ್ಬದ ದಿನ ಇಂಥ ಮಾತೇಕೆ ಎಂದು ಕೇಳಬೇಡಿ. ನಾವು ಈಗಷ್ಟೇ ಕೇಳಿದ ಶುಭಸಂದೇಶವೇ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಹಿರಿಯರಿಗೆ ನೆನಪಿರಬಹುದು. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ನವೆಂಬರ್ 15ರಂದು ಅವರು ಬಿಡುಗಡೆಯಾಗುವವರೆಗೆ 108 ದಿನ ನಾಡು ಉಸಿರು ಬಿಗಿಹಿಡಿದು ಕಾದಿತ್ತು. ಚಿತ್ರಮಂದಿರಗಳು ಮುಚ್ಚಿದವು, ಎಲ್ಲ ಮತದವರೂ ಪ್ರಾರ್ಥನೆ ಮಾಡಿದರು. ಅದರ ಜತೆಗೇ ಹೋಟೆಲಿನಲ್ಲಿ, ಕಟ್ಟೆಯ ಮೇಲೆ ಮಾತು ನಡೆದೇ ಇತ್ತು. ಕಾಡಿನ ಅಂಚಿಗೆ ಯಾಕೆ ಹೋಗಬೇಕಿತ್ತು? ಎಷ್ಟು ಕೋಟಿ ಕೊಟ್ಟರಂತೆ? ಒಳಗಿನವರದೇ ಕೈವಾಡವಂತೆ ಹೌದಾ? ನಾಡೇ ಪ್ರೀತಿಸುವ ಹಿರಿಯರನ್ನೂ ನಮ್ಮ ನಾಲಿಗೆ ಬಿಡಲಿಲ್ಲ. ಆದರೂ ಒಂದು ಸಮಾಧಾನವಿತ್ತು. ಮಾತಾಡಿದರೂ ಅವರನ್ನು ಹುಡುಕಿದೆವು. ಎರಡು ರಾಜ್ಯಗಳ ಸರ್ಕಾರಗಳೇ ಅದಕ್ಕಾಗಿ ನಿಂತವು.

ಹೆಸರಿಲ್ಲದವರ ಗತಿ ಏನು?

ಅದಾಗಿ ಮೂರು ವರ್ಷಕ್ಕೆ, 2003ರಿಂದ 2009ರವರೆಗೆ, ನಮ್ಮದೇ ಜಿಲ್ಲೆಯ ಬಂಟ್ವಾಳ, ಪುತ್ತೂರು, ಸುಳ್ಯದಂಥ ಕಡೆಗಳಿಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು. ಹೆಚ್ಚಿನವರು ಬಡ ಮನೆಯವರು. ಬೀಡಿ ಕಟ್ಟಿ, ಕೂಲಿನಾಲಿ ಮಾಡಿ ಮನೆಗೆ ಆಧಾರವಾಗಿದ್ದವರು. ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ಮುಂದೆ ಮುಂದೆ ಹೋಗಿದ್ದವರು. ಅವರ ಬಳಿಗೆ ಒಬ್ಬ ಬಂದ. ಹಿಂದೆ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ಮೋಹನ್ ಕುಮಾರ್. ಒಬ್ಬೊಬ್ಬಳಿಗೆ ಒಂದೊಂದು ಹೆಸರು ಹೇಳಿದ. ನಾನೂ ನಿನ್ನ ಜಾತಿಯವನೇ ಎಂದ. ವರದಕ್ಷಿಣೆ ಬೇಡ, ಮದುವೆಯಾಗೋಣ ಎಂದು ಘಟ್ಟದ ಮೇಲಿನ ಊರಿಗೆ ಕರೆದೊಯ್ದ. ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಮಾತ್ರೆಯೆಂದು ಹೇಳಿ ವಿಷ ಕೊಟ್ಟ. ಮಕ್ಕಳು ಕುಳಿತಿದ್ದಾರೆ, ಹೆಚ್ಚಿನ ವಿವರ ಬೇಡ.

ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು... ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಗುರುತಿಲ್ಲದ ಹೆಣ್ಣಿನ ಶವ. ಬಾಗಿಲಿಗೆ ಒಳಗಿನಿಂದ ಚಿಲಕ. ಅಸಹಜ ಸಾವು ಎಂದು ಒಂದೊಂದು ಠಾಣೆಯಲ್ಲಿ ಒಂದೊಂದು ಕಡತ. ಘಟ್ಟದ ಮೇಲೆ ಮನೆಯಿಲ್ಲದ ಶವ, ಘಟ್ಟದ ಕೆಳಗೆ ಮಗಳಿಲ್ಲದ ಮನೆ. ಎರಡನ್ನೂ ಜೋಡಿಸಲು ಬೇಕಾಗಿದ್ದುದು ಒಂದು ಕಾಗದ: ನಮ್ಮ ಹುಡುಗಿ ಕಾಣೆಯಾಗಿದ್ದಾಳೆ, ಹುಡುಕಿಕೊಡಿ ಎಂಬ ದೂರು. ಹಲವು ಮನೆಗಳಿಂದ ಆ ದೂರು ಬರಲೇ ಇಲ್ಲ. ಯಾಕೆ? ಊರು ಆಗಲೇ ತೀರ್ಪು ಕೊಟ್ಟಾಗಿತ್ತು: 'ಯಾರ ಜತೆಗೋ ಓಡಿಹೋದಳು.' ಓಡಿಹೋದವಳನ್ನು ಯಾರು ಹುಡುಕುತ್ತಾರೆ? ಅಪ್ಪ ಅಮ್ಮ ನಾಚಿಕೆಯಿಂದ ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲೇ ಕೊಲೆಗಾರನಿಗೆ ರಕ್ಷಣೆಯಾಯಿತು.

2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಇನ್ನೊಬ್ಬ ಯುವತಿ ಕಾಣೆಯಾದಳು. ಈ ಬಾರಿ ಊರು ಸುಮ್ಮನಿರಲಿಲ್ಲ. ಆದರೆ ಆಗಲೂ ಹುಡುಕಾಟಕ್ಕಿಂತ ಮೊದಲು ಹುಟ್ಟಿದ್ದು ಕಥೆ. ಬೇರೆ ಧರ್ಮದ ಹುಡುಗನೊಬ್ಬ ಕರೆದುಕೊಂಡು ಹೋಗಿದ್ದಾನೆ ಎಂದು ಸುದ್ದಿ ಹಬ್ಬಿತು. ಠಾಣೆಯ ಮುಂದೆ ಜನ ಸೇರಿದರು. ಆ ಒತ್ತಡದಿಂದ ತನಿಖೆ ಚುರುಕಾಯಿತು ಎಂಬುದನ್ನು ಒಪ್ಪೋಣ. ಆದರೆ ಊರು ಬೆರಳು ತೋರಿಸಿದ ದಿಕ್ಕಿನಲ್ಲಿ ಅಪರಾಧಿ ಇರಲಿಲ್ಲ. ಪೊಲೀಸರು ಆಕೆಯ ಮೊಬೈಲ್ ಕರೆಗಳ ಜಾಡು ಹಿಡಿದು ಹೋದಾಗ ಅದು ಕಾಣೆಯಾದ ಮತ್ತೊಬ್ಬ ಹೆಣ್ಣುಮಗಳ ಫೋನಿಗೆ ಹೋಗಿ ಮುಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೋಹನ್ ಕುಮಾರ್ ಸಿಕ್ಕಿಬಿದ್ದ. ಒಟ್ಟು 20 ಪ್ರಕರಣಗಳು. ಮಂಗಳೂರಿನ ನ್ಯಾಯಾಲಯದ ಮೊದಲ ತೀರ್ಪು 2013ರ ಡಿಸೆಂಬರ್‌ನಲ್ಲಿ ಬಂತು, ಇಪ್ಪತ್ತನೆಯದರ ತೀರ್ಪು 2020ರ ಜೂನ್‌ನಲ್ಲಿ.

ಪ್ರಿಯರೇ, ಒಂದು ಮಾತು ಕೇಳುತ್ತೇನೆ. 'ಸಯನೈಡ್ ಮೋಹನ್' ಎಂಬ ಅಡ್ಡಹೆಸರು ನಮಗೆಲ್ಲ ಗೊತ್ತು. ಆ ಇಪ್ಪತ್ತು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರಾದರೂ ನಮಗೆ ನೆನಪಿದೆಯೇ? ನೆನಪಿರುವುದು ಒಂದೇ ಪ್ರಶ್ನೆ: ಗುರುತಿಲ್ಲದವನ ಹಿಂದೆ ಅವರು ಯಾಕೆ ಹೋದರು? ಇದಕ್ಕೆ ಉತ್ತರ ಬೇಕಿದ್ದರೆ ನಮ್ಮನ್ನೇ ಕೇಳಿಕೊಳ್ಳಬೇಕು. 'ವರದಕ್ಷಿಣೆ ಬೇಡ' ಎಂಬ ಒಂದು ಮಾತು ಅವನ ಬಲೆಯಾಗಿತ್ತು. ಆ ಬಲೆಗೆ ನೂಲು ಕೊಟ್ಟವರು ಯಾರು? ಎಷ್ಟು ಪವನು ಹಾಕುತ್ತೀರಿ, ಎಷ್ಟು ನಗದು ಕೊಡುತ್ತೀರಿ ಎಂದು ಕೇಳಿದ ಪ್ರತಿಯೊಂದು ಮನೆಯೂ ಅದಕ್ಕೊಂದು ಎಳೆ ಕೊಟ್ಟಿದೆ. ಕ್ರೈಸ್ತರ ಮನೆಗಳು ಇದಕ್ಕೆ ಹೊರತೆಂದು ಹೇಳುವ ಧೈರ್ಯ ನನಗಿಲ್ಲ.

ನನ್ನ ತಪ್ಪನ್ನೂ ಹೇಳಬೇಕು. ಬಹಳ ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಬಳಿ ಬಂದರು. ಮಗಳು ಕೆಲಸಕ್ಕೆ ಹೋದವಳು ಎರಡು ದಿನವಾದರೂ ಮನೆಗೆ ಬಂದಿಲ್ಲ, ಪ್ರಾರ್ಥನೆ ಮಾಡಿ ಎಂದು ಅತ್ತರು. ನಾನು ಕೇಳಿದ ಮೊದಲ ಪ್ರಶ್ನೆ: 'ಅವಳಿಗೆ ಯಾರ ಜತೆಗಾದರೂ ಸ್ನೇಹ ಇತ್ತಾ?' ತಾಯಿ ತಲೆ ತಗ್ಗಿಸಿದರು. ಮರುದಿನ ಹುಡುಗಿ ಆಸ್ಪತ್ರೆಯೊಂದರಲ್ಲಿ ಸಿಕ್ಕಿದಳು. ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು, ಹೆಸರು ಹೇಳುವ ಸ್ಥಿತಿಯಲ್ಲಿರಲಿಲ್ಲ. ನೋಡಲು ಹೋದಾಗ ಆ ತಾಯಿ ಮೆಲ್ಲಗೆ ಹೇಳಿದರು: 'ಫಾದರ್, ಎಲ್ಲಿ ಹೋಗಿರಬಹುದು ಎಂದು ಎಲ್ಲರೂ ಹೇಳಿದರು. ಎಲ್ಲಿದ್ದಾಳೋ ನೋಡೋಣ ಬನ್ನಿ ಎಂದು ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ.' ಆ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ನಮ್ಮವರಿಗೇ ಹೀಗಾದಾಗ ಹೇಗಿರುತ್ತದೆ ಎಂದು ನಮಗೆ ಗೊತ್ತು. ಬೆಂಗಳೂರು ಸಲೇಷಿಯನ್ ಪ್ರಾಂತ್ಯದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮೆನ್ ದೇಶದ ಏಡನ್‌ನಲ್ಲಿ ಬಂದೂಕುಧಾರಿಗಳು ಅಪಹರಿಸಿದರು. ಮದರ್ ತೆರೇಸಾರವರ ನಾಲ್ವರು ಧರ್ಮಭಗಿನಿಯರು ಅಂದು ಪ್ರಾಣ ತೆತ್ತರು. ಆ ವರ್ಷದ ಶುಭ ಶುಕ್ರವಾರ ಫಾದರ್ ಟಾಮ್ ಅವರನ್ನು ಶಿಲುಬೆಗೆ ಏರಿಸಿದರಂತೆ ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಅದು ಸುಳ್ಳು. ಅವರು ಜೀವಂತವಾಗಿದ್ದರು, 2017ರ ಸೆಪ್ಟೆಂಬರ್ 12ರಂದು ಬಿಡುಗಡೆಯಾದರು. ಅವರ ಮನೆಯವರ ಮೇಲೆ ಆ ಸುಳ್ಳು ಎಷ್ಟು ದಿನ ಭಾರವಾಗಿತ್ತೋ! 'ಯುದ್ಧ ನಡೆಯುವ ಊರಿಗೆ ಯಾಕೆ ಹೋಗಬೇಕಿತ್ತು?' ಎಂದೂ ಜನ ಕೇಳಿದರು. ನಮಗೆ ನೋವಾಯಿತು. ಅವರು ಮುದುಕರ, ರೋಗಿಗಳ ಸೇವೆಗೆ ಹೋದವರು ಎಂದು ವಾದಿಸಿದೆವು. ಸರಿಯೇ. ಆದರೆ ನಮ್ಮ ಗುರುಗಳ ಬಗ್ಗೆ ಕೇಳಿದಾಗ ಚುಚ್ಚಿದ ಪ್ರಶ್ನೆಯನ್ನೇ ನೆರೆಮನೆಯ ಹುಡುಗಿಯ ಬಗ್ಗೆ ನಾವು ಎಷ್ಟು ಸಲೀಸಾಗಿ ಕೇಳುತ್ತೇವೆ! 2021ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರವಾದಾಗ ಅಂದಿನ ಗೃಹಮಂತ್ರಿಗಳೇ ಆ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಎಂದರು, ಆಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮಂತ್ರಿಗಳು ಆಡಿದ್ದು ಪತ್ರಿಕೆಯಲ್ಲಿ ಬಂತು. ನಾವು ಆಡಿದ್ದು ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಶುಭಸಂದೇಶಕ್ಕೆ ಬರೋಣ. ಮತ್ತಾಯನ ವಂಶಾವಳಿ ಓದುವಾಗ ಹೆಸರುಗಳ ಸಾಲು ಕೇಳಿ ಅನೇಕರಿಗೆ ತೂಕಡಿಕೆ ಬರುತ್ತದೆ. ಆದರೆ ಆ ಗಂಡಸರ ಸಾಲಿನ ನಡುವೆ, ಮರಿಯಮ್ಮನಿಗಿಂತ ಮೊದಲು, ನಾಲ್ವರು ಹೆಂಗಸರು ನಿಂತಿದ್ದಾರೆ. ಊರಿನ ಬಾಯಿಗೆ ಆಹಾರವಾಗಬಲ್ಲವರು ಅವರೆಲ್ಲರೂ. ತಾಮಾರಳ ವಿಷಯ ವಿಚಾರಿಸದೆಯೇ ಅವಳನ್ನು ಸುಟ್ಟುಬಿಡಿ ಎಂದು ಯೂದ ಅಪ್ಪಣೆ ಕೊಟ್ಟ. ಅವನದೇ ಮುದ್ರೆ, ಅವನದೇ ಕೋಲು ಅವಳ ಕೈಯಲ್ಲಿ ಕಂಡಾಗ, ತನಗಿಂತ ಅವಳೇ ನೀತಿವಂತೆ ಎಂದು ಒಪ್ಪಬೇಕಾಯಿತು. ಊರೀಯನ ಹೆಂಡತಿಯನ್ನು ನೋಡಿ. ಅರಸ ಆಳುಗಳನ್ನು ಕಳಿಸಿ ಅವಳನ್ನು ಮನೆಯಿಂದ ತರಿಸಿಕೊಂಡ. ಅರಸನ ಆಳು ಬಾಗಿಲಿಗೆ ಬಂದಾಗ ಒಬ್ಬ ಸಿಪಾಯಿಯ ಹೆಂಡತಿ ಬರುವುದಿಲ್ಲ ಎನ್ನಬಲ್ಲಳೇ? ಆದರೂ ಸಾವಿರಾರು ವರ್ಷಗಳಿಂದ ಜನ ಅವಳನ್ನೇ ಕೇಳುತ್ತಾರೆ: ಅಲ್ಲಿ ಯಾಕೆ ಸ್ನಾನ ಮಾಡುತ್ತಿದ್ದಳು? ಪ್ರವಾದಿ ನಾತಾನ ಮಾತ್ರ ಅವಳನ್ನು ಏನೂ ಕೇಳಲಿಲ್ಲ. ಅವನು ನೆಟ್ಟಗೆ ಅರಸನ ಮುಂದೆ ಹೋಗಿ ನಿಂತ. ದೇವರು ಪ್ರಶ್ನೆ ಕೇಳುವುದು ಅಪಹರಿಸಿದವನನ್ನು.

ಕೊನೆಗೆ ಮರಿಯಮ್ಮ. ಮದುವೆ ನಿಶ್ಚಯವಾದ ಹುಡುಗಿ, ಕೂಡಿ ಬಾಳುವ ಮೊದಲೇ ಗರ್ಭಿಣಿ. ನಜರೇತಿನಲ್ಲಿಯೂ ಬಾವಿಕಟ್ಟೆ ಇತ್ತು, ಅಲ್ಲಿಯೂ ನಾಲಿಗೆಗಳಿದ್ದವು. ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಜೋಸೆಫರಿಗೆ. ಅವರು ಅವಮಾನಕ್ಕೆ ಒಳಗಾದ ವರ, ಕಾನೂನು ಅವರ ಕಡೆಗಿತ್ತು. ಅವರು ಬಾಯಿ ಬಿಡಲಿಲ್ಲ. ಇಲ್ಲಿ ಒಂದನ್ನು ಗಮನಿಸಿ. ದೇವದೂತ ಬಂದು ನಿಜ ತಿಳಿಸಿದ ಮೇಲೆ ಜೋಸೆಫರು ಸುಮ್ಮನಾದದ್ದಲ್ಲ. ದೇವದೂತ ಬರುವ ಮೊದಲೇ, ಏನೂ ಅರ್ಥವಾಗದೆ ಒದ್ದಾಡುತ್ತಿದ್ದಾಗಲೇ, ಇವಳ ಮಾನ ಬೀದಿಗೆ ಬರಬಾರದು ಎಂದು ತೀರ್ಮಾನಿಸಿದ್ದರು. ನಿಜ ತಿಳಿದ ಮೇಲೆ ಸುಮ್ಮನಿರುವುದು ದೊಡ್ಡದಲ್ಲ. ನಿಜ ತಿಳಿಯದಿರುವಾಗ ಸುಮ್ಮನಿರುವುದೇ ನೀತಿ. ಶುಭಸಂದೇಶ ಅವರನ್ನು ನೀತಿವಂತರೆಂದು ಕರೆಯುವುದು ಇದೇ ಸಂದರ್ಭದಲ್ಲಿ.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ಕಥೆ ಕಟ್ಟಬಾರದು, ಬಂದ ಕಥೆಯನ್ನು ದಾಟಿಸಬಾರದು. ಬಜಪೆ ಪೇಟೆಯಲ್ಲಿ ಹುಟ್ಟಿದ ಮಾತು, ಇಲ್ಲಿಂದ ಹೊರಟ ವಿಮಾನ ದುಬೈ ಮುಟ್ಟುವ ಮೊದಲೇ ವಾಟ್ಸಾಪಿನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಮಗಳು ಕಾಣೆಯಾಗಿದ್ದಾಳೆಂದು ಮನೆಯವರು ಹೇಳುವ ಮೊದಲೇ, ಅಲ್ಲಿ ದುಡಿಯುವ ತಂದೆಗೆ ಊರಿನ ತೀರ್ಪು ತಲಪಿರುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ನಡತೆಯಲ್ಲಿ ದೋಷವಿದೆಯೆಂದು ಮನಸ್ಸಿನಲ್ಲಿ ನಂಬುವುದೂ ಎಂಟನೆಯ ಆಜ್ಞೆಗೆ ವಿರುದ್ಧವಾದ ಪಾಪವೆಂದು ಧರ್ಮಸಭೆ ಕಲಿಸುತ್ತದೆ. ಬಾಯಿಬಿಟ್ಟು ಹೇಳಬೇಕೆಂದೇ ಇಲ್ಲ.

ಎರಡನೆಯದು, ಜತೆಗೆ ಹೋಗಬೇಕು. ಆ ಮನೆಗೆ ಹೋಗಿ, ಠಾಣೆಗೆ ಹೋಗೋಣ ಬನ್ನಿ ಎನ್ನಬೇಕು. ದೂರು ಕೊಡಲು 24 ಗಂಟೆ ಕಾಯಬೇಕೆಂಬ ಕಾನೂನು ಇಲ್ಲ. ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ಗಡಿಯಲ್ಲ ಎಂದು ತಿರಸ್ಕರಿಸುವಂತಿಲ್ಲ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಈ ಸಂಖ್ಯೆಗಳು ಪ್ರತಿ ವಾಳೆಯ ಗುರಿಕಾರರ ಬಳಿ ಇರಲಿ.

ಮೂರನೆಯದು, ಹೋದವಳು ಮರಳಿ ಬಂದಾಗ ಊರು ನ್ಯಾಯಾಲಯವಾಗಬಾರದು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದನ್ನು ಕಾನೂನೇ ನಿಷೇಧಿಸಿದೆ. ಅವಳು ಹೇಳಬಯಸಿದ್ದನ್ನು ಕೇಳೋಣ. ಉಳಿದದ್ದನ್ನು ಕೇಳುವ ಅಧಿಕಾರ ನಮಗಿಲ್ಲ. ಅವಳು ಯಾರನ್ನೋ ಪ್ರೀತಿಸಿ ತಾನಾಗಿಯೇ ಹೋಗಿದ್ದರೂ ಈ ಮಾತು ಹೋಗುವುದಿಲ್ಲ. ಜೀವಂತ ಸಿಕ್ಕಿದಳಲ್ಲ, ದೇವರಿಗೆ ಸ್ತೋತ್ರ.

ಕೊನೆಯದು, ಆಡಿದ ಮಾತಿಗೆ ಪರಿಹಾರ. ಕದ್ದ ಹಣವನ್ನು ಹಿಂದಿರುಗಿಸದೆ ಪಾಪನಿವೇದನೆ ಪೂರ್ಣವಾಗದು. ಕದ್ದ ಮಾನವೂ ಹಾಗೆಯೇ. ಯಾವುದಾದರೂ ಮನೆಯ ಮಗಳ ಬಗ್ಗೆ ನಾವು ಆಡಿದ್ದರೆ, ಯಾರ ಮುಂದೆ ಆಡಿದೆವೋ ಅವರ ಮುಂದೆಯೇ 'ನಾನು ಹೇಳಿದ್ದು ತಪ್ಪು, ನನಗೆ ಏನೂ ಗೊತ್ತಿರಲಿಲ್ಲ' ಎಂದು ಹೇಳೋಣ. ಕಷ್ಟ, ಆದರೆ ಸಾಧ್ಯ.

ಪ್ರಿಯರೇ, ಈ ದಿನಗಳಲ್ಲಿ ನಮ್ಮ ಹಿಂದೂ ನೆರೆಹೊರೆಯವರ ಮನೆಗಳಲ್ಲೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಘಟ್ಟದ ಕೆಳಗಿನ ಆ ಮನೆಗಳಲ್ಲೂ ಎಲೆ ಹಾಕುತ್ತಾರೆ. ಹಾಕುವಾಗ ತಾಯಿಯ ಕೈ ಒಂದು ಕ್ಷಣ ನಿಲ್ಲುತ್ತದೆ. ಇಂದು ಮಧ್ಯಾಹ್ನ ನಾವು ಊಟಕ್ಕೆ ಕೂರುವ ಮೊದಲು ಆ ಇಪ್ಪತ್ತು ಮಂದಿಗಾಗಿ ಒಂದು 'ನಮೋ ಮರಿಯಾ' ಹೇಳೋಣ. ಮರಿಯಮ್ಮನಿಗೆ ಹೂ ಹಾಕಿದ ನಮ್ಮ ಮಕ್ಕಳು ನಾಳೆ ದೊಡ್ಡವರಾಗಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಒಂದು ಸಂಜೆ ಅವರಲ್ಲೊಬ್ಬಳು ಮನೆಗೆ ಬರುವುದು ತಡವಾದರೆ, ಊರು ಮೊದಲು ಟಾರ್ಚ್ ಹಿಡಿದು ಹೊರಡಲಿ. ಆ ಕೃಪೆಯನ್ನು ಮಾತೆ ಮರಿಯಮ್ಮನವರ ಮತ್ತು ಸಂತ ಜೋಸೆಫರ ಮಧ್ಯಸ್ಥಿಕೆಯಿಂದ ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.