"ಊರಿಗೆ ಹೋಗಿದ್ದಾನೆ" ಅಂತ ಹೇಳಿದವಳು ನಾನೇ

ಇವತ್ತಿನ ವಿಷಯ ಮಾನಸಿಕ ಕಾಯಿಲೆ ಮತ್ತು ಅದನ್ನು ನಾವು ಮುಚ್ಚಿಡುವ ರೀತಿ. ನಾನು ಡಾಕ್ಟರ್ ಅಲ್ಲ. ಡೊಂಬಿವಲಿಯಲ್ಲಿ ನಲವತ್ತು ವರ್ಷದಿಂದ ಇರುವ, ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸು. ಆದ್ರೆ ಈ ಕಾಯಿಲೆ ನಮ್ಮ ಮನೆಯೊಳಗೇ ಇದ್ದದ್ದರಿಂದ ನನಗೆ ಗೊತ್ತಿರೋ ಅಷ್ಟು ಹೇಳ್ತೀನಿ.

ಮುಂಬಯಿ ಕಡೆಯವರಿಗೆಲ್ಲ ಒಂದು ತಮಾಷೆ ಗೊತ್ತು. ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ, "ಇವನನ್ನ ಠಾಣೆಗೆ ಕಳಿಸಬೇಕು" ಅಂತ ನಗ್ತೀವಿ. ಠಾಣೆಯಲ್ಲೇ ಮನೆ ಇರೋರೂ ನಗ್ತಾರೆ! ಅಲ್ಲಿ 1901ರಲ್ಲಿ ಮಾನಸಿಕ ಆಸ್ಪತ್ರೆ ಶುರುವಾಯ್ತು, ಊರಿನ ಹೆಸರಿಗೇ ಆ ಅರ್ಥ ಅಂಟಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಇದೇ ಮಾತಿಗೆ ಧಾರವಾಡ ಅಂತಾರೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಅಂತಾರೆ. ನಾನೂ ಎಷ್ಟೋ ಸಲ ಹೇಳಿದ್ದೀನಿ. 1996ರ ತನಕ.

ಆ ವರ್ಷ ನನ್ನ ತಮ್ಮನಿಗೆ ಇಪ್ಪತ್ತನಾಲ್ಕು. ಡಿಪ್ಲೊಮಾ ಮುಗಿಸಿ ಮುಲುಂಡ್ ಕಡೆಯ ಒಂದು ಕಾರ್ಖಾನೆಗೆ ಹೋಗ್ತಿದ್ದ. ಅವನ ಹೆಸರು ಹೇಳೋದಿಲ್ಲ. "ಕಥೆ ಹೇಳು, ಹೆಸರು ಬೇಡ" ಅಂತ ಅವನೇ ಹೇಳಿದ್ದಾನೆ.

ಮೊದಲು ತಡವಾಗಿ ಕೆಲಸಕ್ಕೆ ತಲುಪೋಕೆ ಶುರು ಮಾಡಿದ. ಕೇಳಿದ್ರೆ, ದಿವಾದಲ್ಲಿ ಇಳಿದು ಬೇರೆ ಗಾಡಿ ಹತ್ತಿದೆ ಅಂದ. ಯಾಕೋ? ಎದುರು ಕೂತವರು ನನ್ನ ವಿಷಯವೇ ಮಾತಾಡ್ತಿದ್ರು ಅಂದ. ಆಮೇಲೆ ಮುಂಬ್ರಾದಲ್ಲೂ ಇಳಿಯೋಕೆ ಶುರು. ಆಮೇಲೆ ಸ್ಟೇಷನ್ನಿಗೇ ಹೋಗಲ್ಲ. ರಾತ್ರಿ ನಿದ್ದೆ ಇಲ್ಲ, ಕಿಟಕಿಗೆ ಪೇಪರ್ ಅಂಟಿಸಿದ, ಅಮ್ಮ ಹಾಕಿದ ಊಟ ಮುಟ್ಟಲಿಲ್ಲ. ಯಾರೂ ಇಲ್ಲದ ಕಡೆ ಉತ್ತರ ಕೊಡ್ತಿದ್ದ.

ನಾವೇನು ಮಾಡಿದ್ವಿ? ಎಲ್ಲರೂ ಮಾಡುವುದನ್ನೇ. ಊರಿಗೆ ಕರ್ಕೊಂಡು ಹೋದ್ವಿ. ಪ್ರಶ್ನೆ ಇಡಿಸಿದ್ವಿ, ತಾಯತ ಕಟ್ಟಿಸಿದ್ವಿ, ಒಬ್ಬರು ದೃಷ್ಟಿ ಅಂದ್ರು, ಇನ್ನೊಬ್ಬರು ಪ್ರೇತಬಾಧೆ ಅಂದ್ರು. ಹಾಗೆ ಎಂಟು ತಿಂಗಳು ಹೋಯ್ತು. ದೇವರಿಗೆ ಹರಕೆ ಹೊತ್ತದ್ದಕ್ಕೆ ನನಗೆ ಬೇಜಾರಿಲ್ಲ. ಅಮ್ಮನಿಗೆ ಅದು ಧೈರ್ಯ ಕೊಟ್ಟಿತು. ಆದ್ರೆ ಆ ಎಂಟು ತಿಂಗಳು ಅವನಿಗೆ ಒಂದು ಮಾತ್ರೆಯೂ ಸಿಗಲಿಲ್ಲ, ಅದು ಬೇಜಾರು. ಈ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಅಂತ ನನಗೆ ಆಮೇಲೆ ತಿಳಿಯಿತು.

ಡೊಂಬಿವಲಿಯಲ್ಲಿ ಯಾರಾದ್ರೂ ಕೇಳಿದ್ರೆ "ಊರಿಗೆ ಹೋಗಿದ್ದಾನೆ, ಜಾಗದ ಕೆಲಸ ಇದೆ" ಅಂತಿದ್ವಿ. ಸಂಘದ ಕಾರ್ಯಕ್ರಮದಲ್ಲಿ, ಮದುವೆ ಹಾಲ್‌ನಲ್ಲಿ, ರೇಷನ್ ಅಂಗಡಿಯಲ್ಲಿ ಈ ಮಾತನ್ನು ಜಾಸ್ತಿ ಹೇಳಿದವಳು ನಾನೇ. ಮುಂಬಯಿ ಕನ್ನಡಿಗರಿಗೆ ಊರು ಅನ್ನೋದು ಒಂದು ಅನುಕೂಲ ನೋಡಿ. ಯಾವ ಮನೆಯ ಯಾವ ಮನುಷ್ಯನನ್ನು ಬೇಕಾದ್ರೂ ಅಲ್ಲಿ ಬಚ್ಚಿಡಬಹುದು. ಇಲ್ಲಿಯವರು ಅಲ್ಲಿಗೆ ಹೋಗಿ ನೋಡಲ್ಲ.

ಕೊನೆಗೆ ನಮ್ಮ ಬಿಲ್ಡಿಂಗಿನ ಕೆಳಗಿದ್ದ ಫ್ಯಾಮಿಲಿ ಡಾಕ್ಟರೇ ಮನೋವೈದ್ಯರ ಹೆಸರು ಬರೆದುಕೊಟ್ರು. ಠಾಣೆಯಲ್ಲಿ. ನಾನು ಅವನನ್ನು ಕರ್ಕೊಂಡು ಠಾಣೆ ಸ್ಟೇಷನ್ನಿನಲ್ಲಿ ಇಳಿದಾಗ ಸೆರಗನ್ನು ತಲೆ ಮೇಲೆ ಎಳೆದುಕೊಂಡೆ. ಯಾರಾದ್ರೂ ಗುರುತಿನವರು ನೋಡಿಬಿಟ್ರೆ? ದಿನಾ ಸಾವಿರಾರು ಜನ ಇಳಿಯುವ ಸ್ಟೇಷನ್ ಅದು!

ಒಳಗೆ ಇನ್ನೊಂದು ಕಷ್ಟ. ಅವನಿಗೆ ಕೇಳ್ತಿದ್ದ ದನಿಗಳು ಮಾತಾಡ್ತಿದ್ದದ್ದು ಕನ್ನಡ. ಡಾಕ್ಟರ್ ಮಾತಾಡಿದ್ದು ಮರಾಠಿ, ಹಿಂದಿ. ತಮ್ಮನಿಗೆ ಎರಡೂ ಬರ್ತಿತ್ತು, ಆದ್ರೆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಕನ್ನಡ ಮಾತ್ರ. ನಾನು ದುಭಾಷಿ. ಅವನು ಹೇಳಿದ: ಅಪ್ಪನ ದನಿ ಕೇಳುತ್ತೆ, ಕೆಟ್ಟ ಮಾತಲ್ಲಿ ಬೈಯುತ್ತೆ, ಹಳಿ ಮೇಲೆ ಹೋಗಿ ನಿಲ್ಲು ಅನ್ನುತ್ತೆ. ನಾನು ಡಾಕ್ಟರಿಗೆ ಹೇಳಿದ್ದು: "ಯಾರೋ ಮಾತಾಡಿದ ಹಾಗೆ ಅನ್ನಿಸುತ್ತಂತೆ." ಅಷ್ಟೇ. ಅಪ್ಪನ ಮರ್ಯಾದೆ ಹೋಗುತ್ತೆ ಅಂತ. ಹಳಿಯ ಮಾತನ್ನೂ ನುಂಗಿದೆ. ಡಾಕ್ಟರ್ ಪುಣ್ಯಾತ್ಮರು, ನನ್ನ ಮುಖ ನೋಡಿ, "ಅವನು ಇಷ್ಟು ಉದ್ದ ಹೇಳಿದ, ನೀವು ಇಷ್ಟು ಚಿಕ್ಕದಾಗಿ ಹೇಳಿದ್ರಿ" ಅಂದ್ರು. ಆಗ ಅತ್ತು ಎಲ್ಲ ಹೇಳಿದೆ.

ಸ್ಕಿಜೋಫ್ರೇನಿಯಾ ಅಂದ್ರು. ಒಬ್ಬನಲ್ಲಿ ಇಬ್ಬರು ಇರ್ತಾರೆ ಅಂತ ಸಿನಿಮಾದವರು ತೋರಿಸ್ತಾರಲ್ಲ, ಅದಲ್ಲ ಇದು. ಇಲ್ಲದ ದನಿ ಕೇಳುವುದು, ಆಧಾರ ಇಲ್ಲದ ಸಂಶಯ ಗಟ್ಟಿಯಾಗುವುದು, ಯೋಚನೆಯ ಎಳೆ ತಪ್ಪುವುದು, ಉತ್ಸಾಹವೇ ಬತ್ತಿಹೋಗುವುದು. ಮೆದುಳಿನ ಡೋಪಮಿನ್ ಅನ್ನುವ ರಾಸಾಯನಿಕದ ಏರುಪೇರಿಗೂ ಇದಕ್ಕೂ ಸಂಬಂಧ ಇದೆ, ಔಷಧಿ ಹೆಚ್ಚಾಗಿ ಕೆಲಸ ಮಾಡುವುದು ಅಲ್ಲೇ. ತಾಯಿ ಸಾಕಿದ್ದು ಸರಿಯಿಲ್ಲ ಅಂತ ಬರೋದಲ್ಲ. ಈ ಒಂದು ವಾಕ್ಯವನ್ನು ಅಮ್ಮ ಎರಡು ಸಲ ಕೇಳಿಸಿಕೊಂಡ್ರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಇಂಥ ವಿಷಯಗಳನ್ನು ಕನ್ನಡದಲ್ಲಿ ಎಷ್ಟು ಸರಳವಾಗಿ ಬರೆದಿದ್ದಾರೆ ಅಂದ್ರೆ, ಅಮ್ಮನಿಗೆ ನಾನು ಅವನ್ನೇ ಓದಿ ಹೇಳ್ತಿದ್ದೆ.

ಮಾತ್ರೆ ಶುರುವಾದ ಮೇಲೆ ದನಿಗಳು ನಿಧಾನಕ್ಕೆ ಕಡಿಮೆ ಆದ್ವು. ತೂಕ ಏರಿತು, ಬೆಳಿಗ್ಗೆ ಮಂಪರು, ಕೈ ಸ್ವಲ್ಪ ನಡುಗೋದು. ಇದನ್ನೂ ಹೇಳಬೇಕು, ಔಷಧಿ ಸುಖ ಅಂತ ನಾನು ಹೇಳಲ್ಲ. ಡೋಸ್ ಬದಲಾಯಿಸಿ, ಮಾತ್ರೆ ಬದಲಾಯಿಸಿ, ಒಂದು ವರ್ಷದಲ್ಲಿ ಕೆಲಸಕ್ಕೆ ಹೋದ.

ಇಲ್ಲಿಗೆ ಕಥೆ ಮುಗಿದಿದ್ರೆ ನಾನು ಈ ವಿಡಿಯೋ ಮಾಡ್ತಿರಲಿಲ್ಲ.

ಸಂಬಂಧ ಬಂತು. ಒಳ್ಳೆ ಹುಡುಗಿ, ಕಲ್ಯಾಣದವರು, ನಮ್ಮವರೇ. ಹೇಳೋದಾ ಬೇಡವಾ ಅಂತ ಮನೆಯಲ್ಲಿ ರಾತ್ರಿಯೆಲ್ಲ ಚರ್ಚೆ. "ಈಗ ಸರಿ ಇದ್ದಾನಲ್ಲ, ಯಾಕೆ ಹೇಳಬೇಕು" ಅಂತ ತೀರ್ಮಾನ. ಹುಡುಗಿಯ ಮನೆಯವರು ಬರುವ ದಿನ ನಾನು ಮಾತ್ರೆಗಳನ್ನು ವಿಟಮಿನ್ ಬಾಟ್ಲಿಗೆ ತುಂಬಿಸಿದೆ. ಅದು ಅವನಿಗೆ ಕಾಣಿಸ್ತು. ಅಕ್ಕನೇ ಇದನ್ನು ಬಚ್ಚಿಡ್ತಾಳೆ ಅಂದ್ರೆ ಇದು ನಾಚಿಕೆಯದ್ದೇ ಇರಬೇಕು ಅಂತ ಅವನ ಲೆಕ್ಕ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಎರಡು ತಿಂಗಳಲ್ಲಿ ದನಿಗಳು ವಾಪಸ್. ಮದುವೆಗೆ ಹನ್ನೊಂದು ದಿನ ಇತ್ತು. ಎಲ್ಲ ನಿಂತುಹೋಯ್ತು. ಹುಡುಗಿಯ ತಂದೆ ನಮ್ಮ ಮನೆಯಲ್ಲಿ ಕೂತು ಕೇಳಿದ್ದು ಒಂದೇ: "ಮೊದಲೇ ಹೇಳಿದ್ರೆ ನಾವು ಯೋಚಿಸ್ತಿದ್ವಲ್ಲ?" ಹೇಳಿದ್ದರೆ ಒಪ್ಪುತ್ತಿದ್ರೋ ಇಲ್ಲವೋ. ಆದ್ರೆ ಅವನು ಮಾತ್ರೆ ಬಿಡ್ತಿರಲಿಲ್ಲ, ಅದು ನನಗೆ ಗೊತ್ತು. ಮೊದಲಿನ ಸಲಕ್ಕಿಂತ ಎರಡನೇ ಸಲ ಏಳೋದು ಕಷ್ಟವಾಯ್ತು, ಮೂರು ವರ್ಷ ಹಿಡಿಯಿತು. ಆ ಕಾರ್ಖಾನೆಯ ಕೆಲಸ ಮತ್ತೆ ಸಿಗಲಿಲ್ಲ.

ಠಾಣೆ ಅಂದ್ರೆ ಬರೀ ಆ ಹಳೇ ಆಸ್ಪತ್ರೆ ಅಲ್ಲ ಅನ್ನೋದೂ ನನಗೆ ಆ ಮೂರು ವರ್ಷದಲ್ಲೇ ಗೊತ್ತಾಗಿದ್ದು. ಡಾ. ಆನಂದ ನಾಡಕರ್ಣಿ 1990ರಲ್ಲಿ ಶುರು ಮಾಡಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಇರುವುದು ಅದೇ ಊರಿನಲ್ಲಿ. ಮನಸ್ಸಿನ ಬಗ್ಗೆ ಮರಾಠಿಯಲ್ಲಿ ಸಭೆಗಳಲ್ಲಿ ಬಹಿರಂಗವಾಗಿ ಮಾತಾಡೋದನ್ನು ನಾನು ಮೊದಲು ಕೇಳಿದ್ದು ಅವರಿಂದ. ಇನ್ನು ನಮ್ಮ ಡೊಂಬಿವಲಿಯ ಮೂಲಕವೇ ಹೋಗುವ ಕರ್ಜತ್ ಲೋಕಲ್ ಇದೆಯಲ್ಲ, ಆ ಕರ್ಜತ್‌ನಲ್ಲಿ ಡಾ. ಭರತ್ ವಟವಾನಿ ಅವರ ಶ್ರದ್ಧಾ ಪುನರ್ವಸತಿ ಕೇಂದ್ರ. ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಗಳನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಮನೆ ಹುಡುಕಿ ಮುಟ್ಟಿಸ್ತಾರೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗಡ್ಡ ಬಿಟ್ಟು ತನ್ನಷ್ಟಕ್ಕೆ ಮಾತಾಡ್ತಾ ಕೂತವರನ್ನು ನೋಡಿದಾಗ, ಇವರ ಮನೆಯಲ್ಲೂ ಯಾರೋ "ಊರಿಗೆ ಹೋಗಿದ್ದಾನೆ" ಅಂತ ಹೇಳ್ತಿರಬಹುದು ಅಂತ ಅನ್ನಿಸುತ್ತೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ನಮ್ಮ ಸೊಸೈಟಿಯಲ್ಲಿ ನೂರು ಜನ ವಯಸ್ಕರಿದ್ರೆ ಹತ್ತು ಜನ. ಆದ್ರೆ ಎಲ್ಲರ ಬಾಯಲ್ಲೂ ಶುಗರ್, ಬಿಪಿ ಮಾತ್ರ! 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಇನ್ಶೂರೆನ್ಸ್ ಕಂಪನಿಗಳೂ ದೇಹದ ಕಾಯಿಲೆಯ ಹಾಗೇ ಇದಕ್ಕೂ ವಿಮೆ ಕೊಡಬೇಕು. ನಿಮ್ಮ ಪಾಲಿಸಿ ತೆಗೆದು ಒಮ್ಮೆ ನೋಡಿ. ಇನ್ನೊಂದು ನಂಬರ್ ಬರ್ಕೊಳ್ಳಿ: 14416. ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡವೂ ಇದೆ. ನನ್ನ ಹಾಗೆ ಅರ್ಧ ನುಂಗುವ ದುಭಾಷಿ ಬೇಕಾಗಿಲ್ಲ.

ತಮ್ಮ ಈಗ ಐವತ್ತು ದಾಟಿದ್ದಾನೆ. ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೀತಾನೆ. ಮದುವೆ ಆಗಲಿಲ್ಲ. ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜೊತೆಗೇ ಇರುತ್ತೆ.

ಹೋದ ತಿಂಗಳು ವಾಶಿಯಿಂದ ಒಬ್ಬರು ಸಂಬಂಧಿಕರು ಫೋನ್ ಮಾಡಿ, ತಮ್ಮ ಎಲ್ಲಿ ಅಂತ ಕೇಳಿದ್ರು. "ಮನೋವೈದ್ಯರ ಹತ್ರ ಹೋಗಿದ್ದಾನೆ, ಇವತ್ತು ಅವನ ತಾರೀಕು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕಟ್ ಆಯ್ತೇನೋ ಅಂದುಕೊಂಡೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ್ರು: "ಆ ಡಾಕ್ಟರ್ ಬೆಳಿಗ್ಗೆ ಸಿಗ್ತಾರಾ, ಸಂಜೆಯಾ?"

ಸಂಜೆ, ಆರರ ಮೇಲೆ ಅಂತ ಹೇಳಿದೆ.