ಕಲ್ಲಿಗಂಟುವ ಹೊಳೆಮೀನು: ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಮಲೆನಾಡಿನ ಹಳ್ಳಗಳನ್ನು ದಾಟುವವರು ಒಂದು ಬಗೆಯ ಮೀನನ್ನು ಕಂಡೇ ಇರುತ್ತಾರೆ. ನೀರು ಎಷ್ಟೇ ರಭಸವಾಗಿ ಹರಿಯುತ್ತಿರಲಿ, ಗೇಣುದ್ದವೂ ಇಲ್ಲದ ಈ ಮೀನು ಬಂಡೆಗೆ ಅಂಟಿಸಿಟ್ಟಂತೆ ನಿಂತಿರುತ್ತದೆ. ಇದರ ಹೆಸರು ಊರಿನಿಂದ ಊರಿಗೆ ಬೇರೆ. ಶಾಸ್ತ್ರಜ್ಞರು ಇದನ್ನು ಗರ್ರಾ ಎನ್ನುತ್ತಾರೆ. ಇದು ಗೆಂಡೆ, ಕಾಟ್ಲಾ ಮೀನುಗಳ ಕುಟುಂಬಕ್ಕೇ ಸೇರಿದ್ದು. ಇದರಲ್ಲಿ ಹಲವು ಜಾತಿಗಳುಂಟು. ದಕ್ಷಿಣ ಭಾರತದ ಹೊಳೆಗಳಲ್ಲಿ ವ್ಯಾಪಕವಾಗಿರುವ ಗರ್ರಾ ಮುಲ್ಯ ಎಂಬ ಜಾತಿಯನ್ನು ಸೈಕ್ಸ್ ಎಂಬವರು 1839ರಲ್ಲಿ ವರ್ಣಿಸಿದರು. ಭಾರತದ ಗರ್ರಾ ಮೀನುಗಳನ್ನು ಕುರಿತು ಡಾ. ಸುಂದರಲಾಲ್ ಹೋರಾ ಅವರು 1921ರಲ್ಲಿ ವಿವರವಾದ ಅಧ್ಯಯನ ಪ್ರಕಟಿಸಿದರು.

ಈ ಮೀನಿನ ಬಾಯಿ ತಲೆಯ ಕೆಳಭಾಗದಲ್ಲಿದೆ. ಬಾಯಿಯ ಹಿಂದೆ, ಗದ್ದದ ಮೇಲೆ, ಬಿಲ್ಲೆಯಂತಹ ಮೆತ್ತನೆಯ ಅಂಗವೊಂದಿದೆ. ಅದನ್ನು ಕಲ್ಲಿಗೆ ಒತ್ತಿ ಹಿಡಿದು ಮೀನು ಪ್ರವಾಹದಲ್ಲಿ ನಿಲ್ಲುತ್ತದೆ. ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ.

ಅಂಗಡಿಯ ‘ಸಕ್ಕರ್’ ಬೇರೆ

ಪೇಟೆಯಲ್ಲಿ ‘ಸಕ್ಕರ್’ ಎಂದು ಮಾರುವ ಮೀನು ಇದಲ್ಲ. ಅದು ದಕ್ಷಿಣ ಅಮೆರಿಕದ ನದಿಗಳಿಂದ ಬಂದದ್ದು. ಅದರ ಮೈ ಎಲುಬಿನ ಫಲಕಗಳಿಂದ ಕೂಡಿ ಒರಟಾಗಿರುತ್ತದೆ, ಬೆನ್ನಿನ ಈಜುರೆಕ್ಕೆ ಅಗಲವಾಗಿರುತ್ತದೆ, ಬಾಯಿಯೇ ಹೀರುಬಟ್ಟಲಿನಂತಿರುತ್ತದೆ. ನಮ್ಮ ಗರ್ರಾ ಮೀನಿಗೆ ನಯವಾದ ಹುರುಪೆ, ಚಿಕ್ಕ ಬೆನ್ನುರೆಕ್ಕೆ, ಕಂದು ಮಿಶ್ರಿತ ಹಸಿರು ಬಣ್ಣ. ಈ ಗುರುತುಗಳಿಂದ ಎರಡನ್ನೂ ಸುಲಭವಾಗಿ ಬೇರ್ಪಡಿಸಬಹುದು.

ಬೆರಳುದ್ದದ ಮರಿಯಾಗಿ ಮನೆಗೆ ಬರುವ ವಿದೇಶಿ ಸಕ್ಕರ್ ಒಂದೂವರೆ ಅಡಿಯವರೆಗೂ ಬೆಳೆಯಬಲ್ಲದು. ಆಗ ತೊಟ್ಟಿ ಸಾಲದೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ಇಲ್ಲಿಯೇ ಅನಾಹುತದ ಆರಂಭ. ಅದು ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಬಲೆಗಳನ್ನು ಹರಿಯುತ್ತದೆ, ಸಾಕುಮೀನುಗಳ ಆಹಾರಕ್ಕೆ ಪಾಲುದಾರನಾಗುತ್ತದೆ. ಗಾಳಿಯನ್ನು ನುಂಗಿ ಉಸಿರಾಡಬಲ್ಲದ್ದರಿಂದ ಕೆಟ್ಟ ನೀರಿನಲ್ಲಿಯೂ ಸುಲಭವಾಗಿ ಸಾಯುವುದಿಲ್ಲ. ಪಶ್ಚಿಮ ಬಂಗಾಳ, ಆಂಧ್ರ ಪ್ರದೇಶ ಮತ್ತು ಕೇರಳದ ಜಲಾಶಯಗಳಲ್ಲಿ ಇದು ಈಗಾಗಲೇ ಪಿಡುಗಾಗಿದೆ. ಮಾರಿದರೆ ಬೆಲೆಯಿಲ್ಲ. ಕೃಷಿಹೊಂಡದಲ್ಲಿ ಮೀನು ಸಾಕುವ ರೈತನಿಗೆ ಇದಕ್ಕಿಂತ ಕೆಟ್ಟ ಕಳೆ ಇನ್ನೊಂದಿಲ್ಲ.

ತೊಟ್ಟಿಯನ್ನು ಹಳ್ಳವಾಗಿಸಬೇಕು

ನಾಡಿನ ಮೀನನ್ನು ಸಾಕಲು ಬಯಸುವವರು ಮೊದಲು ತಿಳಿಯಬೇಕಾದುದು ಒಂದು ಮಾತು: ಇದು ನಿಂತ ನೀರಿನ ಮೀನಲ್ಲ. ಗುಂಡನೆಯ ಗಾಜಿನ ಬುರುಡೆಯಲ್ಲಿ ಇಟ್ಟರೆ ಹೆಚ್ಚು ಕಾಲ ಬದುಕುವುದಿಲ್ಲ.

ನಾಲ್ಕೈದು ಚಿಕ್ಕ ಮೀನುಗಳಿಗೆ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ತೊಟ್ಟಿ ಬೇಕು. ಅದರಲ್ಲಿ 30 ಸೆಂ.ಮೀ. ನೀರು ನಿಲ್ಲಿಸಿದರೆ 108 ಲೀಟರ್ ಆಗುತ್ತದೆ. ನೀರಿನ ತೂಕವೇ 108 ಕಿಲೋಗ್ರಾಂ. ಕಲ್ಲಿನ ತೂಕ ಬೇರೆ. ಆದುದರಿಂದ ಮೇಜು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ತಳಕ್ಕೆ ತೊಳೆದ ಹೊಳೆಮರಳು, ಅದರ ಮೇಲೆ ಉರುಟಾದ ನುಣುಪು ಕಲ್ಲುಗಳನ್ನು ಜೋಡಿಸಬೇಕು. ಕಲ್ಲು ಜಾರಿ ಗಾಜು ಒಡೆಯದಂತೆ ಎಚ್ಚರ ವಹಿಸಬೇಕು.

ಗಂಟೆಗೆ ಸುಮಾರು 1000 ಲೀಟರ್ ನೀರು ದಬ್ಬುವ ಪಂಪನ್ನು ಒಂದು ತುದಿಯಲ್ಲಿಟ್ಟರೆ ತೊಟ್ಟಿಯಲ್ಲಿ ಹರಿವು ಉಂಟಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದ್ದರಿಂದ ತೊಟ್ಟಿಯನ್ನು ಬಿಸಿಲು ಬೀಳದ, ತಂಪಾದ ಗೋಡೆಯ ಪಕ್ಕ ಇಡಬೇಕು. ಹಳ್ಳಿಗಳಲ್ಲಿ ವಿದ್ಯುತ್ ಹೋಗುವುದು ಸಾಮಾನ್ಯ. ಅಂತಹ ರಾತ್ರಿಗಾಗಿ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಕಡ್ಡಾಯವಾಗಿ ಇರಲಿ. ಈ ಮೀನು ಒದ್ದೆಯಾದ ಗಾಜನ್ನೂ ಏರಬಲ್ಲದು, ಜಿಗಿಯಲೂ ಬಲ್ಲದು. ಸಂದಿಲ್ಲದ ಮುಚ್ಚಳ ಬೇಕು.

ನೀರಿನ ಹದ

ಗದ್ದೆಗೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಸೂಕ್ಷ್ಮಾಣುಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದನ್ನು ರೈತರು ಬಲ್ಲರು. ತೊಟ್ಟಿಯಲ್ಲಿಯೂ ನಡೆಯುವುದು ಇದೇ ಕ್ರಿಯೆ. ಮೀನಿನ ತ್ಯಾಜ್ಯದಿಂದ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಇವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಶೋಧಕದಲ್ಲಿ ಮತ್ತು ಕಲ್ಲಿನ ಮೇಲೆ ನೆಲೆಯೂರಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟು ದಿನ ಮೀನು ಬಿಡದೆ ಪಂಪು ನಡೆಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ದಿನಕ್ಕೆ ಎಂಟು ಗಂಟೆ ದೀಪ ಉರಿಸಿದರೆ ಕಲ್ಲಿನ ಮೇಲೆ ಪಾಚಿಯೂ ಬೆಳೆಯುತ್ತದೆ. ನೆಲ ಹದವಾಗದೆ ಬಿತ್ತುವವರಿಲ್ಲ. ತೊಟ್ಟಿಯ ವಿಷಯದಲ್ಲಿಯೂ ಆತುರ ಸಲ್ಲದು.

ಮೀನು ಬಿಟ್ಟ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ಬಳಸಬೇಕು. ಕೀಟನಾಶಕ ಕಲಸಿದ ಬಕೆಟ್ಟನ್ನು, ಎಷ್ಟು ತೊಳೆದಿದ್ದರೂ, ತೊಟ್ಟಿಯ ಕೆಲಸಕ್ಕೆ ಮುಟ್ಟಬಾರದು. ತೊಟ್ಟಿಯಿಂದ ತೆಗೆದ ನೀರು ಹೂಗಿಡಗಳಿಗೆ ಒಳ್ಳೆಯ ಗೊಬ್ಬರ.

ಆಹಾರ

ಗಾಜಿನ ಪಾಚಿ ತಿಂದೇ ಮೀನು ಬದುಕುತ್ತದೆಂದು ನಂಬಿ ಉಪವಾಸ ಕೆಡವುವುದು ಸಾಮಾನ್ಯ ತಪ್ಪು. ಹೊಟ್ಟೆ ಒಳಕ್ಕೆ ಕುಸಿದಿದ್ದರೆ ಅದು ಹಸಿವಿನ ಲಕ್ಷಣ. ಬೇಯಿಸಿದ ಪಾಲಕ್, ಸೌತೆಕಾಯಿ ಹೋಳು, ತಳಕ್ಕೆ ಮುಳುಗುವ ಮೀನಿನ ಗುಳಿಗೆಗಳನ್ನು ಕೊಡಬಹುದು. ಔಷಧ ಹೊಡೆದ ಸೊಪ್ಪು ಬೇಡ. ತಿನ್ನದೆ ಉಳಿದದ್ದನ್ನು ಮರುದಿನವೇ ತೆಗೆಯಬೇಕು.

ಹಿಡಿಯುವ ಮುನ್ನ

ಮುಂಗಾರಿನ ಆರಂಭ ಹೊಳೆಯ ಬಹುಪಾಲು ಮೀನುಗಳು ಮೊಟ್ಟೆಯಿಡುವ ಕಾಲ, ಆಗ ಹಿಡಿಯಬಾರದು. ಶೃಂಗೇರಿ, ಶಿಶಿಲದಂತಹ ಮತ್ಸ್ಯಧಾಮಗಳಲ್ಲಿ ಮತ್ತು ರಕ್ಷಿತ ಅರಣ್ಯಗಳಲ್ಲಿ ಹಿಡಿಯುವಂತಿಲ್ಲ. ಉಳಿದೆಡೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡು, ನಾಲ್ಕೈದನ್ನು ಮಾತ್ರ ಕೈಬಲೆಯಿಂದ ಹಿಡಿಯಬಹುದು. ವ್ಯಾಪಾರಕ್ಕಾಗಿ ಹಿಡಿಯುವುದು ಸಲ್ಲ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ‘ಮಿಸ್ ಕೇರಳ’ ಎಂಬ ಚೆಲುವಾದ ಮೀನು ಅಲಂಕಾರ ಮೀನಿನ ವ್ಯಾಪಾರದಿಂದಲೇ ವಿರಳವಾಯಿತು. ಕೇರಳ ಸರಕಾರ 2008ರಲ್ಲಿ ಅದರ ಸಂಗ್ರಹಕ್ಕೆ ನಿರ್ಬಂಧ ಹೇರಬೇಕಾಯಿತು.

ಅಂಗಡಿಯ ಮೀನುಗಳ ಜೊತೆ ಬೆರೆತ ಹೊಳೆಮೀನನ್ನು ಮತ್ತೆ ಹೊಳೆಗೆ ಬಿಡಬಾರದು; ರೋಗ ಹರಡಬಹುದು. ಸಾಕಲಾಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಬೇಕು. ವಿದೇಶಿ ಸಕ್ಕರ್ ಮನೆಯಲ್ಲಿದ್ದರೆ ಅದನ್ನೂ ಹೀಗೆಯೇ ದಾಟಿಸಬೇಕು, ಇಲ್ಲವೇ ಅಂಗಡಿಗೆ ಹಿಂತಿರುಗಿಸಬೇಕು. ಕೆರೆ, ಕಾಲುವೆ, ಕೃಷಿಹೊಂಡ ಯಾವುದಕ್ಕೂ ಬಿಡಕೂಡದು. ಬಲೆಗೆ ಸಿಕ್ಕರೆ ನೀರಿಗೆ ಮರಳಿಸದೆ ಇಲಾಖೆಗೆ ತಿಳಿಸಬೇಕು. ವಿಸ್ತರಣಾ ಕಾರ್ಯಕರ್ತರು ಶಾಲೆಗಳಲ್ಲಿ ಒಂದೊಂದು ಹಳ್ಳದ ತೊಟ್ಟಿ ಮಾಡಿಸಿ, ಈ ಎರಡು ಮೀನುಗಳ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿಕೊಟ್ಟರೆ, ಊರಿನ ಕೆರೆಗೆ ಅದಕ್ಕಿಂತ ಒಳ್ಳೆಯ ಕಾವಲು ಬೇರೊಂದಿಲ್ಲ.