ತೆಂಗು ಮಂಡಳಿಯಲ್ಲಿ ನಮ್ಮ ಕುರ್ಚಿ ಎಲ್ಲಿದೆ?

(ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ರೈತ ಗುಂಪುಗಳು ಹಾಗೂ ಸ್ವಸಹಾಯ ಸಂಘಗಳ ಸಭೆಯಲ್ಲಿ ಸಂಸ್ಥೆಯ ಪರವಾಗಿ ಆಡಿದ ಮಾತುಗಳು)



ಮಳೆ ಲೆಕ್ಕಿಸದೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ಇವತ್ತು ಸಾಲದ ಕಂತಿನ ಮಾತಿಲ್ಲ, ಉಳಿತಾಯ ಪುಸ್ತಕದ ಮಾತಿಲ್ಲ. ನಮ್ಮೆಲ್ಲರ ಹಿತ್ತಲಲ್ಲಿ ನಿಂತಿರುವ ತೆಂಗಿನ ಮರದ ಬಗ್ಗೆ ನಾಲ್ಕು ಮಾತು ಆಡೋಣ ಅಂತ ಸೇರಿದ್ದೇವೆ.

ಮೊದಲು ಒಂದು ಪ್ರಶ್ನೆ. ತೆಂಗಿಗೆ ಅಂತಲೇ ಕೇಂದ್ರ ಸರಕಾರದ ಒಂದು ಮಂಡಳಿ ಇದೆ ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ ನೋಡೋಣ. ಆರೇಳು ಕೈ ಕಾಣುತ್ತಿವೆ. ಆ ಮಂಡಳಿಯಲ್ಲಿ ಯಾರು ಕೂರುತ್ತಾರೆ, ಯಾರ ಪರವಾಗಿ ಮಾತಾಡುತ್ತಾರೆ ಎಂದು ಎಷ್ಟು ಜನರಿಗೆ ಗೊತ್ತು? ಈಗ ಒಂದು ಕೈಯೂ ಇಲ್ಲ. ನಾಚಿಕೆ ಪಡುವುದು ಬೇಡ, ನಮಗೂ ಮೊನ್ನೆ ಮೊನ್ನೆಯವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ತೆಂಗು ಅಭಿವೃದ್ಧಿ ಮಂಡಳಿಯ ಕಾನೂನು ಆದದ್ದು 1979ರಲ್ಲಿ. ಮಂಡಳಿ ಕೆಲಸ ಆರಂಭಿಸಿದ್ದು 1981ರ ಜನವರಿಯಲ್ಲಿ. ಅದರ ಮುಖ್ಯ ಕಚೇರಿ ಕೇರಳದ ಕೊಚ್ಚಿಯಲ್ಲಿದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. ಒಳ್ಳೆಯ ಸಸಿ ಒದಗಿಸುವುದು, ತೋಟ ಸುಧಾರಣೆಗೆ ನೆರವು, ಮರ ಹತ್ತುವವರಿಗೆ ತರಬೇತಿ, ಕಾಯಿಯಿಂದ ಬೇರೆ ಬೇರೆ ಉತ್ಪನ್ನ ಮಾಡುವವರಿಗೆ ಸಹಾಯಧನ, ಮಾರುಕಟ್ಟೆ ಪ್ರಚಾರ ಇವೆಲ್ಲ ಅದರ ಕೆಲಸ. ಒಂದು ಮಾತು ನೆನಪಿಡಿ: ಮಂಡಳಿ ನಮ್ಮ ಕಾಯಿ ಖರೀದಿ ಮಾಡುವುದಿಲ್ಲ. ಬೆಂಬಲ ಬೆಲೆಯಲ್ಲಿ ಕೊಬ್ಬರಿ ಖರೀದಿಸುವುದು ನಾಫೆಡ್‌ನಂಥ ಸಂಸ್ಥೆಗಳು.

ಇನ್ನು ಕುರ್ಚಿಗಳ ವಿಚಾರ. ಮಂಡಳಿಯಲ್ಲಿ ಅಧ್ಯಕ್ಷರಿದ್ದಾರೆ. ನಮ್ಮ ನೆರೆಯ ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ನಿರ್ದೇಶಕರಿದ್ದಾರೆ. ತೆಂಗಿನ ನಾರಿನ ಮಂಡಳಿಯ, ಅಂದರೆ ಕಾಯರ್ ಬೋರ್ಡಿನ ಅಧ್ಯಕ್ಷರಿದ್ದಾರೆ. ಲೋಕಸಭೆಯಿಂದ ಇಬ್ಬರು, ರಾಜ್ಯಸಭೆಯಿಂದ ಒಬ್ಬರು ಸಂಸದರಿದ್ದಾರೆ. ಹೆಚ್ಚು ತೆಂಗು ಬೆಳೆಯುವ ರಾಜ್ಯಗಳು ಅಂತ ಕೇರಳ, ತಮಿಳುನಾಡು, ಕರ್ನಾಟಕಕ್ಕೆ ಮೊದಲಿನಿಂದಲೂ ಜಾಗ ಇದೆ.

2021ರ ಮಳೆಗಾಲದ ಅಧಿವೇಶನದಲ್ಲಿ ಸಂಸತ್ತು ಈ ಕಾನೂನಿಗೆ ತಿದ್ದುಪಡಿ ತಂದಿತು. ಅಧ್ಯಕ್ಷರ ಕೈಯಲ್ಲಿದ್ದ ದಿನನಿತ್ಯದ ಆಡಳಿತವನ್ನು ಒಬ್ಬ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ವಹಿಸಲಾಯಿತು. ಕೇಂದ್ರ ಸರಕಾರ ನೇಮಿಸುವ ನಾಲ್ಕು ಸದಸ್ಯರ ಜಾಗ ಆರಕ್ಕೆ ಏರಿತು. ಆಂಧ್ರ ಪ್ರದೇಶ ಮತ್ತು ಗುಜರಾತಿಗೆ ಮಂಡಳಿಯಲ್ಲಿ ಸ್ಥಾನ ಸಿಕ್ಕಿತು. ಇದು ನ್ಯಾಯವಾದ ಮಾತೇ. ಆಂಧ್ರದ ಗೋದಾವರಿ ಸೀಮೆಯಲ್ಲಿ ತೆಂಗು ಹೇಗೆ ಬೆಳೆಯುತ್ತದೆ ಅಂತ ನೋಡಿದವರಿಗೆ ಗೊತ್ತು. ಗುಜರಾತಿನ ಸೌರಾಷ್ಟ್ರದ ಕರಾವಳಿಯಲ್ಲೂ ತೋಟ ಹಬ್ಬಿದೆ. ಮರ ಎಲ್ಲಿ ಬೆಳೆಯಿತೋ ಅಲ್ಲಿಗೆ ಕುರ್ಚಿಯೂ ಹೋಗಬೇಕು. ಆದರೆ ಅದಕ್ಕೆ ಹಿಡಿದ ಕಾಲ ನೋಡಿ: 1979ರಿಂದ 2021, ಬರೋಬ್ಬರಿ 42 ವರ್ಷ! ಆಗ ನೆಟ್ಟ ಸಸಿ ಈಗ ಮುದಿ ಮರವಾಗುತ್ತಿದೆ.

ಹಾಗಾದರೆ ನಮ್ಮ ಕಥೆ ಏನು? ಕರ್ನಾಟಕಕ್ಕೆ ಜಾಗ ಇದೆಯಲ್ಲ, ಮತ್ತೇಕೆ ಈ ಸಭೆ ಅಂತ ನೀವು ಕೇಳಬಹುದು. ಕಾನೂನು ರಾಜ್ಯದ ಹೆಸರು ಹೇಳುತ್ತದೆ. ಜಿಲ್ಲೆಯ ಹೆಸರು ಹೇಳುವುದಿಲ್ಲ, ತಾಲೂಕಿನ ಹೆಸರಂತೂ ಇಲ್ಲವೇ ಇಲ್ಲ. ನಮ್ಮ ರಾಜ್ಯದ ತೆಂಗಿನ ದೊಡ್ಡ ಪಾಲು ಇರುವುದು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ಮಂಡ್ಯದ ಕಡೆ. ಹಾಗಾಗಿ ಕರ್ನಾಟಕದ ತೆಂಗು ಅಂದ ಕೂಡಲೇ ಎಲ್ಲರ ಕಣ್ಣು ಮೈದಾನ ಸೀಮೆಗೆ, ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ.

ಅಲ್ಲಿಯ ತೆಂಗು ಬೇರೆ, ನಮ್ಮ ತೆಂಗು ಬೇರೆ. ಮರ ಒಂದೇ ಜಾತಿ, ಬದುಕು ಬೇರೆ. ಅಲ್ಲಿ ಒಣ ಹವೆ. ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸುರಿಯುವ ಮಳೆಗೆ ಅಟ್ಟದ ಮೇಲಿನ ಕಾಯಿ ಮೊಳಕೆ ಬರುತ್ತದೆ, ಇಲ್ಲ ಬೂಸಲು ಹಿಡಿಯುತ್ತದೆ. ಹಾಗಾಗಿ ನಾವು ಹಸಿ ಕಾಯಿ ಮಾರುತ್ತೇವೆ, ಹೆದ್ದಾರಿ ಬದಿಯಲ್ಲಿ ಸೀಯಾಳ ಮಾರುತ್ತೇವೆ, ಬೇಸಿಗೆಯಲ್ಲಿ ಒಂದಿಷ್ಟು ಎಣ್ಣೆ ಕೊಬ್ಬರಿ ಒಣಗಿಸುತ್ತೇವೆ. ಅಲ್ಲಿ ಎಕರೆಗಟ್ಟಲೆ ತೋಟ, ಇಲ್ಲಿ ಮನೆ ಸುತ್ತ ಹದಿನೈದು-ಇಪ್ಪತ್ತು ಮರ. ಅಲ್ಲಿಯ ತೊಂದರೆ ಬರ, ಇಲ್ಲಿಯದು ಮಳೆ, ಮಂಗ ಮತ್ತು ಮರ ಹತ್ತುವವರ ಕೊರತೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ತಿಪಟೂರಿನ ಕಡೆಯ ರೈತರು ಬೀದಿಗೆ ಬಂದರು, ಅವರ ಶಾಸಕರು ಸದನದಲ್ಲಿ ಮಾತೆತ್ತಿದರು. ಕೊನೆಗೆ ರಾಜ್ಯ ಸರಕಾರ ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನ ಸೇರಿಸಿತು, ಖರೀದಿ ಕೇಂದ್ರಗಳು ತೆರೆದವು. ಅವರಿಗೆ ಸಿಕ್ಕಿದ್ದು ಸರಿಯಾಗಿಯೇ ಸಿಕ್ಕಿತು, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಹೊತ್ತಿನಲ್ಲಿ ನಮ್ಮ ಹಸಿ ಕಾಯಿಯ ಬಗ್ಗೆ ಯಾರು ಮಾತಾಡಿದರು? ನಾವೇ ಮಾತಾಡಲಿಲ್ಲ ಮಾರಾಯ್ರೆ, ಇನ್ನು ಬೇರೆಯವರು ಯಾಕೆ ಮಾತಾಡುತ್ತಾರೆ?

2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ 11,582, ಉಂಡೆ ಕೊಬ್ಬರಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಯಿತು. ಆ ವರ್ಷ ಮಾರುಕಟ್ಟೆಯಲ್ಲೇ ದರ ಏರಿದ್ದರಿಂದ ಯಾರೂ ಇದರ ಕಡೆ ನೋಡಲಿಲ್ಲ. ದರ ಏರಿದಾಗ ಸಂಘ ನೆನಪಾಗುವುದಿಲ್ಲ, ಇಳಿದಾಗ ಸಂಘ ಕಟ್ಟುವಷ್ಟು ತ್ರಾಣ ಇರುವುದಿಲ್ಲ. ಇದೇ ನಮ್ಮ ಹಣೆಬರಹ ಆಗಿಬಿಟ್ಟಿದೆ. ಕಟ್ಟುವುದಿದ್ದರೆ ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ ಕಟ್ಟಬೇಕು.

ನಮ್ಮ ಒಂದು ಗುಂಪಿನ ಅಕ್ಕನ ಮಾತು ಹೇಳುತ್ತೇವೆ, ಹೆಸರು ಬೇಡ. ಅವರ ಹಿತ್ತಲಲ್ಲಿ ಹದಿನೆಂಟು ಮರ. ಗಂಡ ತೀರಿಹೋಗಿದ್ದಾರೆ. ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇದೆ. ಕಾಯಿ ಕೊಯ್ಯುವವನು ಎರಡು ತಿಂಗಳಿಗೊಮ್ಮೆ ಬರುತ್ತಾನೆ, ಕೆಲವೊಮ್ಮೆ ಬರುವುದೇ ಇಲ್ಲ. ಬಲಿತ ಕಾಯಿ ತಾನಾಗಿ ಬೀಳುತ್ತದೆ, ಮಗುವಿನ ತಲೆ ಮೇಲೆ ಬಿದ್ದೀತು ಅಂತ ಅಂಗಳಕ್ಕೆ ಬಿಡಲೂ ಹೆದರಿಕೆ. ಒಂದು ಯೋಜನೆಗೆ ಅರ್ಜಿ ಕೊಡಲು ಹೋದಾಗ ಪಹಣಿ ನಿಮ್ಮ ಹೆಸರಿನಲ್ಲಿಲ್ಲ ಅಂತ ವಾಪಸು ಕಳಿಸಿದರು. ಹದಿನೆಂಟು ಮರಕ್ಕೆ ನೀರು, ಗೊಬ್ಬರ ಹಾಕಿ ಸಾಕಿದವರು ಆ ಅಕ್ಕ. ಕಾಗದದ ಮೇಲೆ ಮಾತ್ರ ಅವರು ತೆಂಗು ಬೆಳೆಗಾರರೇ ಅಲ್ಲ!

ಪ್ರಾತಿನಿಧ್ಯ ಅನ್ನುವ ದೊಡ್ಡ ಶಬ್ದದ ಅರ್ಥ ಇಲ್ಲಿಂದ ಶುರುವಾಗಬೇಕು. ನಾಳೆ ಕರಾವಳಿಗೆ ಒಂದು ಕುರ್ಚಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ ಕೂರುವವರಿಗೆ ಈ ಅಕ್ಕನ ಹಿತ್ತಲು ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ಕೊಂಕಣ ರೈಲು ಹತ್ತಿದರೆ ನಮ್ಮ ಕಡೆಯಿಂದ ಎರ್ನಾಕುಲಂಗೆ ಹೋಗಿ ಮುಟ್ಟಬಹುದು. ದೂರ ಇರುವುದು ಊರಿಗೂ ಊರಿಗೂ ಅಲ್ಲ, ಹಿತ್ತಲಿಗೂ ಸಭೆಯ ಮೇಜಿಗೂ. ಆ ದಾರಿಯನ್ನು ನಾವೇ ಕಡಿಯಬೇಕು.

ಅದಕ್ಕೆ ಏನು ಮಾಡಬಹುದು? ನಮಗೆ ಕಂಡದ್ದು ಇಷ್ಟು.

1. ಮರ ಎಣಿಸೋಣ. ಪ್ರತಿ ಗುಂಪು ತನ್ನ ಕೇರಿಯಲ್ಲಿ ಎಷ್ಟು ಮನೆ, ಪ್ರತಿ ಮನೆಯಲ್ಲಿ ಎಷ್ಟು ಮರ, ಅದರಲ್ಲಿ ಕಾಯಿ ಬಿಡುವವು ಎಷ್ಟು, ರೋಗ ಬಿದ್ದವು ಎಷ್ಟು ಅಂತ ಪಟ್ಟಿ ಮಾಡಲಿ. ಪಹಣಿ ಯಾರ ಹೆಸರಲ್ಲಿದೆ, ಮರ ಸಾಕುವವರು ಯಾರು ಎಂಬ ಎರಡು ಕಲಂ ಬೇರೆ ಬೇರೆ ಇರಲಿ. ಲೆಕ್ಕ ಇಲ್ಲದವರ ಮಾತನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಸೆಪ್ಟೆಂಬರ್ 2 ವಿಶ್ವ ತೆಂಗು ದಿನ, ಅಷ್ಟರೊಳಗೆ ಪಟ್ಟಿ ಮುಗಿಯಲಿ.

2. ತೆಂಗು ಉತ್ಪಾದಕರ ಸಂಘ ಕಟ್ಟೋಣ. ಅಕ್ಕಪಕ್ಕದ 40ರಿಂದ 100 ಬೆಳೆಗಾರರು ಸೇರಿ ಸಂಘ, ಅಂಥ ಸಂಘಗಳು ಸೇರಿ ಒಕ್ಕೂಟ, ಒಕ್ಕೂಟಗಳು ಸೇರಿ ಕಂಪನಿ ಎಂಬ ಮೂರು ಮೆಟ್ಟಿಲಿನ ಮಾದರಿಯನ್ನು ಮಂಡಳಿಯೇ ಹಾಕಿಕೊಟ್ಟಿದೆ. ಸ್ವಸಹಾಯ ಸಂಘ ನಡೆಸಿದ ನಿಮಗೆ ಇದು ಹೊಸತಲ್ಲ. ಹಾಜರಿ, ಠರಾವು, ಲೆಕ್ಕಪತ್ರ ಎಲ್ಲ ನಿಮಗೆ ಬಾಯಿಪಾಠ. ಸಂಘದ ಆಡಳಿತದಲ್ಲಿ ಅರ್ಧ ಹೆಂಗಸರಿರಲಿ ಎಂಬುದು ನಮ್ಮ ಆಗ್ರಹ.

3. ನಮ್ಮ ಹುಡುಗರಿಗೆ ಮರ ಹತ್ತುವ ತರಬೇತಿ ಕೇಳೋಣ. ಮಂಡಳಿ 2011ರಲ್ಲಿ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಆರಂಭಿಸಿತು, ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರು ಅದಕ್ಕೆ. ಹೆಣ್ಣುಮಕ್ಕಳೂ ಇದನ್ನು ಕಲಿತಿದ್ದಾರೆ. ತರಬೇತಿಯ ಜೊತೆಗೆ ಹತ್ತುವವರಿಗೆ ವಿಮೆಯನ್ನೂ ಕೇಳಬೇಕು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆ ನಮ್ಮ ಪ್ರತಿ ಊರಲ್ಲೂ ಒಂದಾದರೂ ಇದೆ.

4. ಮನವಿ ಬರೆಯೋಣ. ನಮ್ಮ ಸಂಸದರಿಗೆ, ಶಾಸಕರಿಗೆ, ತೋಟಗಾರಿಕೆ ಇಲಾಖೆಗೆ. ಕೇಳುವುದು ಇಷ್ಟೇ: ಕರ್ನಾಟಕದ ಹೆಸರಿನಲ್ಲಿ ಮಂಡಳಿಗೆ ಹೋಗುವವರಲ್ಲಿ ಮೈದಾನಕ್ಕೂ ಕರಾವಳಿಗೂ ಸರದಿ ಇರಲಿ. ಅದಾಗುವ ತನಕ, ರಾಜ್ಯದ ಪ್ರತಿನಿಧಿ ಸಭೆಗೆ ಹೋಗುವ ಮೊದಲು ಕರಾವಳಿಯ ಸಂಘಗಳನ್ನು ಒಮ್ಮೆ ಕರೆದು ಕೇಳಲಿ. ಇದಕ್ಕೆ ಸಂಸತ್ತಿನಲ್ಲಿ ಕಾನೂನು ತಿದ್ದಬೇಕಾಗಿಲ್ಲ, ಮನಸ್ಸು ಮಾಡಿದರೆ ಸಾಕು.

ಕೆಲವರು ಹೇಳಬಹುದು, ಅಡಿಕೆಗೆ ಮಂಡಳಿಯೇ ಇಲ್ಲ, ಆದರೂ ಅಡಿಕೆಯವರು ಬದುಕಿಲ್ಲವೇ ಅಂತ. ಸರಿಯಾದ ಮಾತು. ಆದರೆ ಅಡಿಕೆಯವರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು, ನಮ್ಮ ಜಿಲ್ಲೆಯಲ್ಲೂ ಸಹಕಾರಿ ಸಂಘಗಳನ್ನು ಬೆಳೆಸಿದರು. ಮಂಡಳಿ ಇಲ್ಲದೆಯೂ ಸಂಘಟನೆ ಇದ್ದರೆ ದನಿ ಇರುತ್ತದೆ. ಸಂಘಟನೆ ಇಲ್ಲದಿದ್ದರೆ ಮಂಡಳಿ ಇದ್ದೂ ದನಿ ಇಲ್ಲ. ನಾವೀಗ ಎರಡನೆಯ ಸ್ಥಿತಿಯಲ್ಲಿದ್ದೇವೆ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ಕುರ್ಚಿ ಸಿಕ್ಕಿದ ಮರುದಿನ ಕಾಯಿಯ ದರ ಏರುವುದಿಲ್ಲ. ಮಂಗ ಓಡಿಹೋಗುವುದಿಲ್ಲ, ಬಿಳಿ ನೊಣವೂ ಹೋಗುವುದಿಲ್ಲ. ತಿಪಟೂರಿನವರ ಮೇಲೆ, ಆಂಧ್ರದವರ ಮೇಲೆ ಜಗಳಕ್ಕೆ ಹೋಗುವ ಕೆಲಸವೂ ಇದಲ್ಲ. ಒಂದೇ ಮೇಜಿನ ಸುತ್ತ ನಮಗೂ ಸ್ವಲ್ಪ ಸರಿದು ಜಾಗ ಕೊಡಿ ಅಂತ ಕೇಳುವುದು ಅಷ್ಟೇ. ಮದುವೆ ಮನೆಯ ಪಂಕ್ತಿಯಲ್ಲಿ ನಾವು ಹಾಗೆ ಕೇಳುವುದಿಲ್ಲವೇ?

ಇವತ್ತು ಮನೆಗೆ ಹೋದ ಮೇಲೆ ಮೊದಲ ಕೆಲಸ, ಹಿತ್ತಲಿಗೆ ಹೋಗಿ ನಿಮ್ಮ ಮರಗಳನ್ನು ಎಣಿಸಿ ಬರೆದಿಡಿ. ಮುಂದಿನ ತಿಂಗಳ ಸಭೆಗೆ ಆ ಚೀಟಿ ಕೈಯಲ್ಲಿ ಹಿಡಿದು ಬನ್ನಿ. ಆ ಅಕ್ಕನ ಹದಿನೆಂಟು ಮರ ನಾವು ಆಗಲೇ ಬರೆದುಕೊಂಡಿದ್ದೇವೆ, ಅವರ ಹೆಸರಿನಲ್ಲೇ.